ಒಕ್ಕುವ ಯಂತ್ರಗಳೂ ಮಾಲಕರ ಹೊಣೆಯೂ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಗಳ ಎರೆಯ ಸೀಮೆಯಲ್ಲಿ ಹೆಸರು, ಕಡಲೆ, ಜೋಳ, ಗೋವಿನಜೋಳ, ಸೂರ್ಯಕಾಂತಿ ಮೊದಲಾದ ಪೀಕುಗಳ ರಾಶಿಯು ಈಗ ಬಹುಮಟ್ಟಿಗೆ ಯಂತ್ರದಿಂದಲೇ ಆಗುತ್ತಿರುವದು. ಕಣ ಮಾಡಿ, ಮೇಟಿ ನೆಟ್ಟು, ಹಂತಿ ಕಟ್ಟಿ ತುಳಿಸುವ ಕಾಲದಲ್ಲಿ ಎತ್ತುಗಳು ನಿಧಾನವಾಗಿ ಸುತ್ತುತ್ತಿದ್ದವು. ಮೈಮರೆತ ಆಳಿಗೆ ಎತ್ತಿನ ತುಳಿತ ತಗಲಬಹುದಾಗಿತ್ತೇ ಹೊರತು ಕೈ ಕಳೆದುಕೊಳ್ಳುವ ಭಯವಿರಲಿಲ್ಲ. ತಿಂಗಳುಗಟ್ಟಲೆ ನಡೆಯುತ್ತಿದ್ದ ಸುಗ್ಗಿಯ ಕೆಲಸವನ್ನು ಯಂತ್ರವು ಕೆಲವೇ ತಾಸುಗಳಿಗೆ ಇಳಿಸಿದೆಯೆಂಬುದು ನಿಜ. ಆದರೆ ಅದು ಕಣಕ್ಕೆ ಗಿರಣಿಯ ಅಪಾಯವನ್ನೂ ತಂದಿತು. ಗಿರಣಿಯ ಕಟ್ಟುಪಾಡನ್ನು ಮಾತ್ರ ತರಲಿಲ್ಲ.

ಒಕ್ಕುವ ಯಂತ್ರದ ಒಡಲಲ್ಲಿ ಹಲ್ಲುಗಳುಳ್ಳ ಉರುಳೆಯೊಂದು ವೇಗವಾಗಿ ತಿರುಗುತ್ತಿರುವದು. ಟ್ರ್ಯಾಕ್ಟರಿನ ಹಿಂಬದಿಯಿಂದ ಅದಕ್ಕೆ ಶಕ್ತಿಯನ್ನು ಸಾಗಿಸುವ ದಂಡವು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9 ಸುತ್ತು ತಿರುಗುವದು. ದಂಟಿನ ತುದಿಯು ಹಲ್ಲಿಗೆ ಸಿಕ್ಕಿದೊಡನೆ ದಂಟೆಲ್ಲವೂ ಒಳಗೆ ಸೆಳೆಯಲ್ಪಡುವದು. ಅದನ್ನು ಹಿಡಿದ ಮುಷ್ಟಿಯು ಬಿಡದಿದ್ದರೆ ಕೈಯೂ ಅದರ ಬೆನ್ನಿಗೆ ಹೋಗುವದು. ಕೈಯನ್ನು ಹಿಂತೆಗೆಯಬೇಕೆಂದು ಮನಸ್ಸಿಗೆ ಹೊಳೆಯುವಷ್ಟರಲ್ಲಿ ದಂಡವು ಎರಡು ಸುತ್ತನ್ನಾದರೂ ಮುಗಿಸಿರುತ್ತದೆ. ಆದುದರಿಂದ "ಎಚ್ಚರದಿಂದಿರು" ಎಂದು ಆಳಿಗೆ ಹೇಳಿದ ಮಾತ್ರಕ್ಕೆ ಮಾಲಕನ ಕರ್ತವ್ಯವು ತೀರಿತೆಂದು ತಿಳಿಯಲಾಗದು.

ಇಂಥ ಅಪಘಾತಗಳಿಗೆ ಕಾರಣಗಳು ಎಲ್ಲರಿಗೂ ಗೊತ್ತಿದ್ದವೇ ಆಗಿವೆ. ಹೆಸರಿನ ರಾಶಿಯು ಮಳೆಯ ದಿನಗಳಲ್ಲಿಯೇ ಬರುವದರಿಂದ ಬಳ್ಳಿಯು ಹಸಿಯಾಗಿದ್ದು ಯಂತ್ರದ ಬಾಯಿಯಲ್ಲಿ ಸಿಕ್ಕಿಕೊಳ್ಳುವದು. ಆಗ ಯಂತ್ರವನ್ನು ನಿಲ್ಲಿಸದೆ ಆಳು ಅದನ್ನು ಕೈಯಿಂದಲೇ ನೂಕುವನು. ಯಂತ್ರವು ತಾಸಿನ ಬಾಡಿಗೆಯದು, ಮರುದಿನ ಇನ್ನೊಬ್ಬರ ಹೊಲಕ್ಕೆ ಹೋಗತಕ್ಕದ್ದು; ಅದಕ್ಕಾಗಿ ಮಂದ ಬೆಳಕಿನಲ್ಲಿ ಅರ್ಧರಾತ್ರಿಯ ವರೆಗೆ ಕೆಲಸ ಸಾಗುವದು. ನಿಲ್ಲುವದಕ್ಕೆ ಸಮನಾದ ನೆಲವಿರದೆ ಚೀಲಗಳ ಮೇಲೋ ಹೊಟ್ಟಿನ ಮೇಲೋ ನಿಂತ ಆಳು ಜಾರಿದರೆ ಮುಂಗಡೆಗೇ ಬೀಳುವನು. ಸೀರೆಯ ಸೆರಗು, ಹೆಗಲ ಮೇಲಿನ ವಸ್ತ್ರ, ಬಿಚ್ಚಿದ ಪಟಕದ ತುದಿ, ಇವು ತೆರೆದ ದಂಡಕ್ಕೆ ಸುತ್ತಿಕೊಂಡರೆ ಬಿಡಿಸುವದಕ್ಕೆ ಅವಕಾಶವೇ ಇರುವದಿಲ್ಲ.

ಈ ಸೀಮೆಗೆ ಇಂಥ ಅಪಾಯವು ಹೊಸದಲ್ಲ. ಗದಗ-ಬೆಟಗೇರಿಯು ಹಳೆಯ ಅರಳೆಯ ಪೇಟೆ. ಹತ್ತಿಯ ಜಿನ್ನುಗಳಲ್ಲಿ ಒಂದೇ ಉದ್ದನೆಯ ದಂಡದಿಂದ ಪಟ್ಟಿಗಳ ಮೂಲಕ ಸಾಲು ಯಂತ್ರಗಳು ನಡೆಯುತ್ತಿದ್ದವು; ಅವುಗಳಿಗೆ ಹತ್ತಿಯನ್ನು ಉಣಿಸುವ ಕೆಲಸವು ಹೆಚ್ಚಾಗಿ ಹೆಣ್ಣಾಳುಗಳ ಪಾಲಿಗಿತ್ತು. ಹಿಂದುಸ್ತಾನದ ಮೊದಲ ಕಾರಖಾನೆ ಕಾಯಿದೆಯು 1881ರಲ್ಲಿ ಆಯಿತು. ಅದು ಯಂತ್ರಶಕ್ತಿಯಿಂದ ನಡೆದು 100 ಅಥವಾ ಹೆಚ್ಚು ಜನರು ದುಡಿಯುವ ಸ್ಥಳಗಳಿಗೆ ಮಾತ್ರ ಅನ್ವಯಿಸುತ್ತಿದ್ದು, ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಕಡಮೆ ನಡೆಯುವ ಕಾರಖಾನೆಗಳನ್ನು ಬಿಟ್ಟಿತ್ತು. ಹಂಗಾಮಿನಲ್ಲಷ್ಟೇ ಬಾಗಿಲು ತೆರೆಯುವ ಜಿನ್ನುಗಳು ಹೀಗೆ ಸುಲಭವಾಗಿ ತಪ್ಪಿಸಿಕೊಂಡವು. 1891ರಲ್ಲಿ ಜನರ ಎಣಿಕೆಯು 50ಕ್ಕೆ ಇಳಿಯಿತು. 1911ರಲ್ಲಿ ಹಂಗಾಮಿ ಕಾರಖಾನೆಗಳೂ ಕಾಯಿದೆಯೊಳಗೆ ಬಂದವು. 1922ರಲ್ಲಿ ಎಣಿಕೆಯು 20ಕ್ಕೂ, 1948ರ ಕಾಯಿದೆಯಲ್ಲಿ 10ಕ್ಕೂ ಬಂದು ನಿಂತಿತು.

ಇನ್ನೊಂದು ಸಂಗತಿಯುಂಟು. ಗದಗ ಹಾಗೂ ಮುಂಡರಗಿಗಳು ಮುಂಬಯಿ ಇಲಾಖೆಗೆ ಸೇರಿದ್ದರೆ, ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಬ್ರಿಟಿಷ್ ಹಿಂದುಸ್ತಾನದ ಕಾಯಿದೆಗಳು ಸಂಸ್ಥಾನಗಳಲ್ಲಿ ತಾವಾಗಿಯೇ ನಡೆಯುತ್ತಿರಲಿಲ್ಲ. ಕೆಲವೇ ಹರದಾರಿಗಳ ಅಂತರದಲ್ಲಿ ಒಂದೇ ಬಗೆಯ ಯಂತ್ರದ ಮುಂದೆ ಕುಳಿತ ಇಬ್ಬರು ಹೆಣ್ಣುಮಕ್ಕಳಿಗೆ ಬೇರೆಬೇರೆ ರಾಜ್ಯಗಳ ಕಾನೂನು! 1948ರಲ್ಲಿ ಸಂಸ್ಥಾನಗಳು ವಿಲೀನವಾಗಿ, 1949ರ ಎಪ್ರಿಲ್ 1ರಿಂದ ಹೊಸ ಕಾರಖಾನೆ ಕಾಯಿದೆಯು ಜಾರಿಗೆ ಬಂದ ಬಳಿಕ ನಾಲ್ಕೂ ಊರುಗಳಿಗೆ ಒಂದೇ ಕಟ್ಟಳೆಯಾಯಿತು.

ಆ 1948ರ ಕಾಯಿದೆಯು ಯಂತ್ರದ ಅಪಾಯಕರ ಭಾಗಗಳಿಗೆ ಭದ್ರವಾದ ಬೇಲಿಯಿರಬೇಕೆಂದು ತನ್ನ 21ನೆಯ ಕಲಮಿನಲ್ಲಿ ವಿಧಿಸಿತ್ತು. ನಡೆಯುತ್ತಿರುವ ಯಂತ್ರದ ಬಳಿಗೆ ಹೋಗಿ ಎಣ್ಣೆ ಹಾಕುವದು, ಪಟ್ಟಿ ಏರಿಸುವದು ಮುಂತಾದ ಕೆಲಸವನ್ನು ಮಾಲಕನೇ ಕೊಡಿಸಿದ ಬಿಗಿಯಾದ ಉಡುಪು ತೊಟ್ಟ, ತರಬೇತಾದ ಗಂಡಾಳೇ ಮಾಡಬೇಕೆಂದು 22ನೆಯ ಕಲಮು ಹೇಳುತ್ತಿತ್ತು. ಅರಳೆಯ ಅಚ್ಚಿನ ಗಿರಣಿಗಳಲ್ಲಿ ಹಿಂಜುವ ಯಂತ್ರವು ನಡೆಯುವ ಭಾಗದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಇಡಕೂಡದೆಂದು 27ನೆಯ ಕಲಮಿನಲ್ಲಿ ಸ್ಪಷ್ಟವಾಗಿತ್ತು. ಉಣಿಸುವ ಬದಿಗೂ ಅರಳೆ ಹೊರಬೀಳುವ ಬದಿಗೂ ನಡುವೆ ಮಾಡಿನ ವರೆಗೆ ಅಥವಾ ತಪಾಸಣಾಧಿಕಾರಿಯು ಬರೆದು ಕೊಟ್ಟಷ್ಟು ಎತ್ತರಕ್ಕೆ ಗೋಡೆಯಿದ್ದರೆ ಮಾತ್ರ ಉಣಿಸುವ ಬದಿಯಲ್ಲಿ ಅವರನ್ನು ಇಡಬಹುದಾಗಿತ್ತು. ಈ ಕಾಯಿದೆಯ ಸ್ಥಾನದಲ್ಲಿ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಹಾಗೂ ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವಂಬರ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಯಂತ್ರಶಕ್ತಿಯುಳ್ಳ ಕಾರಖಾನೆಯೆಂದು ಎಣಿಸಲು 20 ಜನರಿರಬೇಕು. ಆದರೆ 10 ಜನರು ದುಡಿಯುವ ಉದ್ಯಮಸ್ಥಾನಗಳೂ ಸಂಹಿತೆಯ ಹೊರಗಿಲ್ಲ. ಮಾಲಕನು ಕರ್ತವ್ಯ ತಪ್ಪಿದ್ದರಿಂದ ಕೆಲಸಗಾರನು ಮಡಿದರೆ ಎರಡು ವರ್ಷಗಳ ವರೆಗಿನ ಕಾರಾಗೃಹವಾಸ, ಅಥವಾ 5 ಲಕ್ಷ ರೂಪಾಯಿಗಿಂತ ಕಡಮೆಯಲ್ಲದ ದಂಡ, ಅಥವಾ ಎರಡೂ ಆಗಬಹುದು.

ಹಾಗಾದರೆ ಕಣದಲ್ಲಿ ಐದಾರು ಆಳುಗಳನ್ನಿಟ್ಟು ರಾಶಿ ಮಾಡಿಸುವ ಜಮೀನುದಾರನು ಯಾವ ಕಾನೂನಿಗೂ ಸಿಕ್ಕುವದಿಲ್ಲವೋ? ಹಲವರು ಹಾಗೆಯೇ ಭಾವಿಸಿರುವರು. ಅದು ತಪ್ಪು.

ಒಕ್ಕಲುತನದ ಯಂತ್ರಗಳಿಗಾಗಿಯೇ 1983ರಲ್ಲಿ ಅಪಾಯಕರ ಯಂತ್ರಗಳ ನಿಯಂತ್ರಣ ಕಾಯಿದೆಯಾಯಿತು. ಒಕ್ಕುವ ಯಂತ್ರದ ತಯಾರಿಕೆ, ಮಾರಾಟ ಹಾಗೂ ಬಳಕೆಯನ್ನು ಹತೋಟಿಯಲ್ಲಿಡುವದೂ, ಅದರ ಮುಂದೆ ದುಡಿಯುವ ಕೂಲಿಕಾರನು ಮಡಿದರೆ ಅಥವಾ ಗಾಯಗೊಂಡರೆ ಪರಿಹಾರ ಕೊಡಿಸುವದೂ ಅದರ ಉದ್ದೇಶ. ಪ್ರಮಾಣೀಕೃತ ಯಂತ್ರದಲ್ಲಿ ದಂಟು ಉಣಿಸುವ ತಗಡಿನ ದೋಣಿಯು 90 ಸೆಂಟಿಮೀಟರಿಗಿಂತ ಕಡಮೆ ಉದ್ದವಿರಬಾರದು; ಅದರಲ್ಲಿ ಉರುಳೆಯ ಕಡೆಯ 45 ಸೆಂಟಿಮೀಟರ್ ಮೇಲಿನಿಂದ ಮುಚ್ಚಿರಬೇಕು. ಇದರ ಅರ್ಥವನ್ನು ತಿಳಿಯಲು ವಿಶೇಷ ವಿದ್ಯೆ ಬೇಡ: ದೋಣಿಯ ಹೊರಗೆ ನಿಂತವನ ಕೈ ಉರುಳೆಯನ್ನು ಮುಟ್ಟಬಾರದು, ಅಷ್ಟೇ. ಬಾಡಿಗೆಗೆ ಯಂತ್ರ ಬಂದೊಡನೆ ಮೊಳಕೋಲಿನಿಂದ ಈ ಅಳತೆಯನ್ನು ನೋಡಬಹುದು. ಬೇಗ ಉಣಿಸಬೇಕೆಂದು ದೋಣಿಯನ್ನು ಕತ್ತರಿಸಿದ, ಮುಚ್ಚಳವನ್ನು ಕಿತ್ತೊಗೆದ ಯಂತ್ರಗಳು ಬಂದರೆ ತಿರುಗಿ ಕಳಿಸುವದೇ ಲೇಸು. 1905ರಲ್ಲಿ ಹಿಂದುಸ್ತಾನದ ಮೊದಲ ಒಕ್ಕಲುತನದ ಸಹಕಾರಿ ಸಂಘವನ್ನು ಕಟ್ಟಿದ ಕಣಗಿನಹಾಳವು ಗದಗ ತಾಲೂಕಿನಲ್ಲಿಯೇ ಇರುವದು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಸಂಘಗಳು ದೋಣಿಯ ಅಳತೆಯನ್ನೇ ಕರಾರಿನ ಮೊದಲನೆಯ ಶರತ್ತಾಗಿ ಮಾಡಿದರೆ ಈ ಸೀಮೆಯ ಹೆಸರಿಗೆ ಒಪ್ಪುವ ಕೆಲಸವಾದೀತು.

ಎರಡನೆಯದು ನಷ್ಟಪರಿಹಾರದ ಕಾನೂನು. 1923ರ ಕಾಯಿದೆಯ ಪಟ್ಟಿಯಲ್ಲಿ ಟ್ರ್ಯಾಕ್ಟರು ಅಥವಾ ಯಂತ್ರಶಕ್ತಿಯ, ವಿದ್ಯುತ್ತಿನ ಸಾಧನಗಳಿಂದ ನಡೆಯುವ ಬೇಸಾಯದ ಕೆಲಸಗಾರರೂ ಸೇರಿದ್ದರು. ಆ ಏರ್ಪಾಡು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ಆಳಿನ ಪ್ರತಿಯೊಂದು ಅಂಗಕ್ಕೂ ಕಾನೂನು ಪ್ರಮಾಣವನ್ನು ಕಟ್ಟಿರುವದು: ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30, ಒಂದು ಕೈಯ ಎರಡು ಬೆರಳು ಹೋದರೆ 20, ನಾಲ್ಕು ಬೆರಳು ಹೋದರೆ 50, ಮುಂಗೈ ಪೂರ್ತಿ ಹೋದರೆ 60. ತಿಂಗಳಿಗೆ 10,000 ರೂಪಾಯಿ ಗಳಿಸುವ, 30 ವರ್ಷದ ಆಳಿನ ಮುಂಗೈ ಹೋಯಿತೆಂದಿಟ್ಟುಕೊಳ್ಳೋಣ. ಕೂಲಿಯ ನೂರಕ್ಕೆ 60, ಎಂದರೆ 6,000 ರೂಪಾಯಿಯನ್ನು ಆ ವಯಸ್ಸಿಗೆ ಗೊತ್ತುಮಾಡಿದ 207.98 ಎಂಬ ಅಂಕದಿಂದ ಗುಣಿಸಿದರೆ 12,47,880 ರೂಪಾಯಿ. ಅದರ ನೂರಕ್ಕೆ 60 ಎಂದರೆ 7,48,728 ರೂಪಾಯಿ. ಒಂದು ತಗಡಿನ ದೋಣಿಯ ಬೆಲೆಯನ್ನು ಇದರ ಮಗ್ಗುಲಲ್ಲಿಟ್ಟು ನೋಡಬೇಕು. ಕೆಲಸವನ್ನು ಯಂತ್ರದವನಿಗೆ ಗುತ್ತಿಗೆ ಕೊಟ್ಟಿದ್ದೇನೆಂಬ ಮಾತಿನಿಂದಲೂ ಹೊಣೆಯು ತಾನಾಗಿ ತಪ್ಪದು. ಮೂಲ ಮಾಲಕನಿಂದ ಪರಿಹಾರ ಕೊಡಿಸಿ, ಅದನ್ನು ಗುತ್ತಿಗೆದಾರನಿಂದ ತಿರುಗಿ ಪಡೆಯುವ ಹಕ್ಕನ್ನು ಅವನಿಗೆ ಕೊಡುವದು ಕಾನೂನಿನ ರೀತಿ. ಇದಕ್ಕೆ ವಿಮೆಯನ್ನು ಇಳಿಸಬಹುದು.

ಗ್ರಾಮದ ಹಿರಿಯರು ವಿಶೇಷವಾಗಿ ಲಕ್ಷಿಸಬೇಕಾದ ಮಾತು ಇಲ್ಲಿದೆ. ಹಳ್ಳಿಯಲ್ಲಿ ಇಂಥದೊಂದು ಅನಾಹುತವಾದರೆ ಚಾವಡಿಯಲ್ಲಿಯೋ ಗುಡಿಯ ಕಟ್ಟೆಯ ಮೇಲೋ ಹಿರಿಯರು ಕೂಡಿ, ಆಸ್ಪತ್ರೆಯ ವೆಚ್ಚವನ್ನೂ ಇನ್ನಷ್ಟು ಹಣವನ್ನೂ ಕೊಡಿಸಿ, "ಮುಂದೆ ತಕರಾರಿಲ್ಲ" ಎಂದು ಬರೆಯಿಸಿಕೊಂಡು ರಾಜಿ ಮಾಡುವದುಂಟು. ಊರಿನಲ್ಲಿ ಜಗಳ ಬೇಡವೆಂಬ ಸದುದ್ದೇಶವೇ ಅದರಲ್ಲಿರಬಹುದು. ಆದರೆ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನಲ್ಲಿ ನಿಲ್ಲುವದಿಲ್ಲ. ಆಳು ಮಡಿದಿದ್ದರಂತೂ ಪರಿಹಾರವನ್ನು ನೇಮಿತ ಅಧಿಕಾರಿಯ ಬಳಿ ಠೇವಣಿಯಿಡತಕ್ಕದ್ದು. ಮಾಲಕನು ನೇರವಾಗಿ ಮನೆಯವರ ಕೈಗೆ ಕೊಟ್ಟದ್ದು, ಮೂರು ತಿಂಗಳ ಕೂಲಿಯಷ್ಟು ಮುಂಗಡದ ಹೊರತು, ಪರಿಹಾರವೆಂದು ಎಣಿಕೆಗೆ ಬರುವದಿಲ್ಲ. ಹಿರಿಯರ ಮಾತಿಗೆ ಒಪ್ಪಿ ಕೊಟ್ಟ ಮಾಲಕನು ಎರಡನೆಯ ಸಲವೂ ಕೊಡಬೇಕಾಗುವದು. ವಿಧವೆಯೋ ತಾನು ಸಹಿ ಮಾಡಿದ್ದರಿಂದ ಎಲ್ಲವೂ ಮುಗಿಯಿತೆಂದು ನಂಬಿ ತನ್ನ ಹಕ್ಕನ್ನು ಕೇಳದೆಯೇ ಉಳಿಯುವಳು. ಇಂಥ ರಾಜಿಯು ಇಬ್ಬರಿಗೂ ಅನ್ಯಾಯವೆಂಬುದನ್ನು ತಿಳಿದೇ ಹಿರಿಯರು ಕಟ್ಟೆಯ ಮೇಲೆ ಕೂಡಬೇಕು.

ಆಳೇ ಸುರಕ್ಷತೆಯ ಮುಚ್ಚಳವನ್ನು ಬೇಕೆಂದು ತೆಗೆದಿದ್ದರೆ, ಅಥವಾ ಕುಡಿದಿದ್ದರೆ ಮಾಲಕನಿಗೆ ಸಮಾಧಾನ ಹೇಳಲು ಅವಕಾಶವುಂಟು. ಆದರೆ ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆಯಾದಲ್ಲಿ ಆ ಸಮಾಧಾನವೂ ನಡೆಯದು.

ಹತ್ತಿಗೆ ಔಷಧ ಸಿಂಪಡಿಸುವ ಕೆಲಸವೂ ಇದೇ ಬಗೆಯದು. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಸಿಂಪಡಿಸುತ್ತಿದ್ದ ಒಕ್ಕಲಿಗರೂ ಕೂಲಿಕಾರರೂ ವಿಷವೇರಿ ಮಡಿದದ್ದು ದೇಶಕ್ಕೆಲ್ಲ ತಿಳಿದ ಸಂಗತಿ. 1971ರ ಕೀಟನಾಶಕ ನಿಯಮಗಳು ಸಿಂಪಡಿಸುವವನಿಗೂ ತಕ್ಕ ರಕ್ಷಣೆಯ ಉಡುಪು ಇರಬೇಕೆನ್ನುತ್ತವೆ. ಬರಿಮೈಯ ಆಳಿನ ಬೆನ್ನಿಗೆ ಡಬ್ಬಿಯನ್ನು ಕಟ್ಟಿ ಕಳಿಸುವದು ಎಲ್ಲ ಕಡೆಗೂ ಕಾಣುವ ರೂಢಿಯೆಂದು ಅದು ನಿರ್ದೋಷವಾಗದು.

ಅಪಘಾತವಾದೊಡನೆ ಮಾಡತಕ್ಕದ್ದಿಷ್ಟು. ಮೊದಲು ಯಂತ್ರವನ್ನು ನಿಲ್ಲಿಸಬೇಕು; ಸಿಕ್ಕ ಕೈಯನ್ನು ಎಳೆಯದೆ ಉರುಳೆಯನ್ನು ಹಿಂದಕ್ಕೆ ತಿರುಗಿಸಿ ಬಿಡಿಸಬೇಕು. ರಕ್ತವು ಹರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಬೇಕು. ತುಂಡಾದ ಬೆರಳನ್ನು ಶುಚಿಯಾದ ತೇವದ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಗಾಯಾಳುವಿನೊಡನೆಯೇ ಆಸ್ಪತ್ರೆಗೆ ಒಯ್ಯಬೇಕು. ಬೆರಳು ನೇರವಾಗಿ ಮಂಜುಗಡ್ಡೆಗೆ ತಗಲಬಾರದು. ಸಾವು ಅಥವಾ ಭಾರಿ ಗಾಯವಾಗಿದ್ದರೆ ಏಳು ದಿನಗಳೊಳಗಾಗಿ ನೇಮಿತ ಅಧಿಕಾರಿಗೆ ಬರವಣಿಗೆಯ ವರದಿಯನ್ನು ಕಳಿಸಬೇಕು. ಅದರಲ್ಲಿ ದಿನ, ವೇಳೆ, ಸ್ಥಳ, ಆಳಿನ ಹೆಸರು ಹಾಗೂ ವಯಸ್ಸು, ಕೊಡುತ್ತಿದ್ದ ಕೂಲಿ, ಯಂತ್ರದ ವಿವರ ಹಾಗೂ ಅದರ ಒಡೆಯನ ಹೆಸರನ್ನು ಬರೆದು, ನಕಲೊಂದನ್ನು ಮಾಲಕನು ತನ್ನ ಬಳಿ ಇಟ್ಟುಕೊಳ್ಳತಕ್ಕದ್ದು.