ಟೇಪಿಲ್ಲದ ಕ್ಯಾಸೆಟ್ ಹಾಡುವುದು ಹೇಗೆ?

ಪ್ರಶ್ನೆ: ಹಳೆಯ ಕಾರಿನ ಸ್ಟೀರಿಯೋಗೆ ಐಪಾಡ್ ಜೋಡಿಸಲು ವೈರಿರುವ ಕ್ಯಾಸೆಟ್ ಸಿಗುತ್ತದಲ್ಲ, ಅದರೊಳಗೆ ಟೇಪೇ ಇಲ್ಲ. ಹಾಡು ಎಲ್ಲಿಂದ ಬರುತ್ತದೆ?

ಉತ್ತರ: ಸ್ಟೀರಿಯೋದಲ್ಲಿ ಟೇಪ್ ಓದುವ ಹೆಡ್‌ಗೆ ಬೇಕಿರುವುದು ಟೇಪಲ್ಲ, ಅದರ ಮೇಲಿನ ಕಾಂತಕ್ಷೇತ್ರದ ಏರಿಳಿತ. ಈ ಕ್ಯಾಸೆಟ್ಟಿನ ಅಂಚಿನಲ್ಲಿ ಇನ್ನೊಂದು ಪುಟ್ಟ ಹೆಡ್ ಇದೆ. ಐಪಾಡ್‌ನಿಂದ ಬಂದ ವಿದ್ಯುತ್ ಸಂಕೇತ ಅದರ ಸುರುಳಿಯಲ್ಲಿ ಹರಿದಾಗ ಅಂಥದೇ ಏರಿಳಿತ ಹುಟ್ಟುತ್ತದೆ. ಎದುರಿಗಿರುವ ಹೆಡ್, ಪಾಪ, ಟೇಪೇ ಓಡುತ್ತಿದೆ ಎಂದು ನಂಬಿಬಿಡುತ್ತದೆ! ಕ್ಯಾಸೆಟ್ಟಿನ ಒಳಗಿನ ಹಲ್ಲುಚಕ್ರಗಳಿಗೂ ಹಾಡಿಗೂ ಸಂಬಂಧವಿಲ್ಲ. ಅವು ತಿರುಗದಿದ್ದರೆ ಟೇಪ್ ಮುಗಿಯಿತೆಂದು ತಿಳಿದು ಎಷ್ಟೋ ಸ್ಟೀರಿಯೋಗಳು ನಿಂತುಬಿಡುತ್ತವೆ. ಕಿರಕಿರ ಸದ್ದು ಬಂದರೆ ಮೊದಲು ಅವುಗಳನ್ನೇ ಅನುಮಾನಿಸಿ. ಐಪಾಡ್‌ನ ಹಾಡನ್ನು ಕಾರಿನ ರೇಡಿಯೋಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್‌ಗಿಂತ ಈ ಕ್ಯಾಸೆಟ್ಟೇ ವಾಸಿ. ಬೆಂಗಳೂರಿನಂಥ ಊರಲ್ಲಿ 88ರಿಂದ 108 ಮೆಗಾಹರ್ಟ್ಸ್ ನಡುವೆ ಖಾಲಿ ಜಾಗ ಹುಡುಕುವುದೇ ಕಷ್ಟ. ಹಾಡು ಮಂಕಾಗಿ ಕೇಳಿಸಿದರೆ ಸ್ಟೀರಿಯೋದ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ.