ಹಾಸಿಗೆ ಒದ್ದೆಯಾಗುವ ಮಗು, ಬೆಂಚಿನಲ್ಲಿ ಕೂರಲಾಗದ ಮಗು: ಶಿಕ್ಷಕರು ತಿಳಿದಿರಬೇಕಾದ ಒಂದು ಸಂಬಂಧ

ಅಭ್ಯಾಸ ಬೋಧನೆಯ ಎರಡನೇ ವಾರ. 6ನೇ ತರಗತಿಗೆ ಪದಾರ್ಥಗಳನ್ನು ಬೇರ್ಪಡಿಸುವ ವಿಧಾನಗಳ ಪಾಠ. ಜರಡಿ, ಮೊರ, ಅಕ್ಕಿ, ಮರಳು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದ್ದೆ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪತ್ರ ಹಿಡಿದು ಕುಳಿತಿದ್ದರು. ಮೂರನೇ ಸಾಲಿನ ಹುಡುಗನೊಬ್ಬ ಎಂದಿನಂತೆ ಕೂತಲ್ಲಿ ಕೂರುತ್ತಿರಲಿಲ್ಲ. ಪೆನ್ಸಿಲ್ ಬೀಳಿಸುವುದು, ಅದನ್ನು ಹುಡುಕಲು ಬೆಂಚಿನ ಕೆಳಗೆ ನುಸುಳುವುದು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುವುದು ನಡೆದೇ ಇತ್ತು. ಪಾಠ ಅರ್ಧಕ್ಕೆ ಬಂದಾಗ ಕಿರುಬೆರಳು ಎತ್ತಿ, "ಮಿಸ್, ಒಂದಕ್ಕೆ" ಎಂದ. ಹೊರಗೆ ಹೋಗಲು ನೆಪ ಎಂದುಕೊಂಡೆ. ವೀಕ್ಷಣಾ ಪತ್ರದ 'ತರಗತಿ ನಿರ್ವಹಣೆ' ಕಾಲಂ ಕೂಡ ನೆನಪಾಯಿತು. "ಬೆಲ್ ಆಗಲಿ, ಕೂತ್ಕೋ" ಎಂದೆ.

ಐದು ನಿಮಿಷದೊಳಗೆ ಅವನ ಚಡ್ಡಿ ಒದ್ದೆಯಾಗಿತ್ತು. ಪಕ್ಕದವರು ನಕ್ಕರು. ಅವನು ಅಳಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆ ಎರಡು ವಾರಗಳಲ್ಲಿ ಮೊದಲ ಬಾರಿಗೆ ಅಲುಗಾಡದೆ ಕೂತ.

ಮರುದಿನ ಅವನ ತಾಯಿ ಬಂದರು. ಜಗಳ ಮಾಡಲಿಲ್ಲ, ತಾವೇ ತಪ್ಪು ಮಾಡಿದವರಂತೆ ಮಾತಾಡಿದರು. "ರಾತ್ರೀನೂ ಹಿಂಗೇ ಮೇಡಂ. ಹನ್ನೊಂದು ವರ್ಷ ಆಯ್ತು, ಇನ್ನೂ ಬಿಟ್ಟಿಲ್ಲ. ಬೈದೂ ಆಯ್ತು, ಹೊಡ್ದೂ ಆಯ್ತು."

ಮನೆಯಲ್ಲಿ ಅದನ್ನು ಸೋಮಾರಿತನ ಎಂದಿದ್ದರು, ಶಾಲೆಯಲ್ಲಿ ನಾವು ಚೇಷ್ಟೆ ಎಂದಿದ್ದೆವು. ಮಗು ಮನಸ್ಸು ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಎರಡು ಹೆಸರುಗಳ ಹಿಂದೆಯೂ ಇದೆ. ಈ ನಂಬಿಕೆ ಏಕೆ ತಪ್ಪು, ಈ ಎರಡು ತೊಂದರೆಗಳು ಒಂದೇ ಮಗುವಿನಲ್ಲಿ ಏಕೆ ಹೆಚ್ಚಾಗಿ ಕಾಣುತ್ತವೆ, ಶಿಕ್ಷಕರಾದ ನಾವು ಏನು ಮಾಡಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಎರಡು ತೊಂದರೆಗಳು

ನಿದ್ದೆಯಲ್ಲಿ ಅರಿವಿಲ್ಲದೆ ಮೂತ್ರ ಹೋಗುವುದಕ್ಕೆ ವೈದ್ಯಕೀಯದಲ್ಲಿ ಎನ್ಯುರೆಸಿಸ್ ಎಂದು ಹೆಸರು. ಎರಡು ಮೂರು ವರ್ಷದ ಮಗುವಿನಲ್ಲಿ ಇದು ಸಹಜ. ಅಮೆರಿಕದ ಮನೋವೈದ್ಯಕೀಯ ಸಂಘ 2013ರಲ್ಲಿ ಪ್ರಕಟಿಸಿದ ಡಿಎಸ್ಎಂ-5 ಕೈಪಿಡಿಯ ಪ್ರಕಾರ, ಮಗುವಿಗೆ ಕನಿಷ್ಠ 5 ವರ್ಷ ತುಂಬಿದ ಮೇಲೂ ವಾರಕ್ಕೆ ಎರಡು ಬಾರಿಯಾದರೂ, ಸತತ 3 ತಿಂಗಳು ಹೀಗಾದರೆ ಅದನ್ನು ತೊಂದರೆ ಎಂದು ಪರಿಗಣಿಸುತ್ತಾರೆ. 5 ವರ್ಷದ ಮಕ್ಕಳಲ್ಲಿ ಸುಮಾರು ಶೇ. 15ರಷ್ಟು ಮಂದಿಗೆ ಹಾಸಿಗೆ ಒದ್ದೆಯಾಗುತ್ತದೆ. ಅಂಥವರಲ್ಲಿ ಪ್ರತಿ ವರ್ಷ ಸುಮಾರು ಶೇ. 15ರಷ್ಟು ಮಕ್ಕಳಿಗೆ ಅದು ತಾನಾಗಿಯೇ ನಿಲ್ಲುತ್ತದೆ. 10 ವರ್ಷದ ಹೊತ್ತಿಗೆ ಸುಮಾರು ಶೇ. 5 ಮಕ್ಕಳು ಉಳಿಯುತ್ತಾರೆ. ಅಂದರೆ 40 ಮಕ್ಕಳಿರುವ ಒಂದು 5ನೇ ತರಗತಿಯಲ್ಲಿ ಸರಾಸರಿ ಇಬ್ಬರು. ನಮಗೆ ಗೊತ್ತಿರುವುದಿಲ್ಲ, ಏಕೆಂದರೆ ಅವರು ಹೇಳುವುದಿಲ್ಲ.

ಎಡಿಎಚ್‌ಡಿ ಎಂದರೆ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಸುಮಾರು ಶೇ. 5 ಮಕ್ಕಳಲ್ಲಿ ಕಂಡುಬರುತ್ತದೆ. ಲಕ್ಷಣಗಳು 12 ವರ್ಷದೊಳಗೆ ಕಾಣಿಸಿಕೊಂಡಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು. ಗಣಿತದ ಅವಧಿಯಲ್ಲಿ ಮಾತ್ರ ಚಡಪಡಿಸುವ ಮಗುವಿಗೆ ಎಡಿಎಚ್‌ಡಿ ಇದೆ ಎನ್ನಲಾಗದು. ಎಡಿಎಚ್‌ಡಿ ಇರುವ ಮಕ್ಕಳೆಲ್ಲ ಓಡಾಡುವವರೂ ಅಲ್ಲ. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತಾ, ಹೇಳಿದ್ದನ್ನು ಅರ್ಧಕ್ಕೇ ಮರೆಯುವ ಮಗುವಿನಲ್ಲೂ ಗಮನ ಕೊರತೆಯ ರೂಪ ಇರಬಹುದು.

ಸಂಬಂಧ ಎಷ್ಟರ ಮಟ್ಟಿಗೆ?

ಎರಡೂ ಸಾಮಾನ್ಯ ತೊಂದರೆಗಳಾದ್ದರಿಂದ ಕೆಲವು ಮಕ್ಕಳಲ್ಲಿ ಆಕಸ್ಮಿಕವಾಗಿ ಒಟ್ಟಿಗೆ ಇರಬಹುದು. ಆದರೆ ಅಧ್ಯಯನಗಳು ತೋರಿಸಿರುವುದು ಅದಕ್ಕಿಂತ ಹೆಚ್ಚು. ರಾಬ್ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 6 ವರ್ಷದ ವಯಸ್ಸಿನಲ್ಲಿ ಎಡಿಎಚ್‌ಡಿ ಇದ್ದ ಮಕ್ಕಳಿಗೆ ರಾತ್ರಿ ಹಾಸಿಗೆ ಒದ್ದೆಯಾಗುವ ಸಾಧ್ಯತೆ ಇತರ ಮಕ್ಕಳಿಗಿಂತ 2.7 ಪಟ್ಟು ಇತ್ತು. ಹಗಲಿನಲ್ಲಿ ಬಟ್ಟೆ ಒದ್ದೆಯಾಗುವ ಸಾಧ್ಯತೆ 4.5 ಪಟ್ಟು ಇತ್ತು. 2009ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ವಿಶ್ಲೇಷಣೆಯು 8ರಿಂದ 11 ವರ್ಷದ ಮಕ್ಕಳನ್ನು ನೋಡಿತು. ಅಲ್ಲಿಯೂ ಎಡಿಎಚ್‌ಡಿಯೊಂದಿಗಿನ ಸಂಬಂಧ ಸ್ಪಷ್ಟವಾಗಿ ಕಂಡಿತು. ಗಂಡುಮಕ್ಕಳಲ್ಲಿ ಈ ತೊಂದರೆ ಹೆಣ್ಣುಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು.

ಹಗಲಿನ ಅಂಕಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ರಾತ್ರಿ ಮಗು ಮನೆಯಲ್ಲಿರುತ್ತದೆ, ಹಗಲಿನಲ್ಲಿ ನಮ್ಮ ತರಗತಿಯಲ್ಲಿರುತ್ತದೆ.

ಏಕೆ ಒಟ್ಟಿಗೆ ಬರುತ್ತವೆ?

ಮೂತ್ರಕೋಶ ತುಂಬುತ್ತಿದ್ದಂತೆ ಅದರ ಗೋಡೆಯಿಂದ ನರಗಳ ಮೂಲಕ ಮಿದುಳಿಗೆ ಸಂದೇಶ ಹೋಗುತ್ತದೆ. ಮಿದುಳಿನ ಕಾಂಡದಲ್ಲಿರುವ ಮೂತ್ರ ನಿಯಂತ್ರಣ ಕೇಂದ್ರ 'ಖಾಲಿ ಮಾಡು' ಎನ್ನಬಲ್ಲದು. ಅದನ್ನು 'ಈಗ ಬೇಡ, ತಡೆ' ಎಂದು ಹಿಡಿದಿಡುವುದು ಮಿದುಳಿನ ಮುಂಭಾಗ. ಹಸುಗೂಸಿನಲ್ಲಿ ಈ ಹಿಡಿತ ಇರುವುದಿಲ್ಲ, ವಯಸ್ಸಿನೊಂದಿಗೆ ಬಲಿಯುತ್ತದೆ. ಮೂತ್ರಕೋಶವೂ ಬೆಳೆಯುತ್ತದೆ. ಸುಮಾರು 12 ವರ್ಷದವರೆಗೆ ಅದರ ನಿರೀಕ್ಷಿತ ಸಾಮರ್ಥ್ಯವನ್ನು ಒಂದು ಸರಳ ಸೂತ್ರದಿಂದ ಅಂದಾಜಿಸುತ್ತಾರೆ: ವಯಸ್ಸಿಗೆ 1 ಕೂಡಿಸಿ 30ರಿಂದ ಗುಣಿಸಿದರೆ ಮಿಲಿಲೀಟರ್‌ನಲ್ಲಿ ಉತ್ತರ ಸಿಗುತ್ತದೆ. 6 ವರ್ಷದ ಮಗುವಿಗೆ 210 ಮಿ.ಲೀ., 11 ವರ್ಷದವನಿಗೆ 360 ಮಿ.ಲೀ.

ರಾತ್ರಿ ಹಾಸಿಗೆ ಒಣಗಿರಬೇಕಾದರೆ ಮೂರು ಕೆಲಸಗಳು ಸರಿಯಾಗಿ ನಡೆಯಬೇಕು. ಒಂದು, ರಾತ್ರಿ ಮೂತ್ರದ ಉತ್ಪತ್ತಿ ತಗ್ಗಬೇಕು. ನಾವು ಜೀವಶಾಸ್ತ್ರದಲ್ಲಿ ಓದಿರುವ ವ್ಯಾಸೊಪ್ರೆಸಿನ್ ಅಥವಾ ಎಡಿಎಚ್ ಹಾರ್ಮೋನು ಈ ಕೆಲಸ ಮಾಡುತ್ತದೆ. (ಈ ಎಡಿಎಚ್‌ಗೂ ಎಡಿಎಚ್‌ಡಿಗೂ ಹೆಸರಿನ ಹೋಲಿಕೆ ಬಿಟ್ಟರೆ ನಂಟಿಲ್ಲ.) ಎರಡು, ಮೂತ್ರಕೋಶವು ಬೆಳಗಿನವರೆಗೆ ಸಂಕುಚಿಸದೆ ತುಂಬಿಕೊಂಡಿರಬೇಕು. ಮೂರು, ಅದು ಸಾಧ್ಯವಾಗದಿದ್ದರೆ ತುಂಬಿದ ಸಂದೇಶಕ್ಕೆ ಮಗು ಎಚ್ಚರಗೊಳ್ಳಬೇಕು. ಇವುಗಳಲ್ಲಿ ಯಾವುದು ತಡವಾದರೂ ಹಾಸಿಗೆ ಒದ್ದೆಯಾಗುತ್ತದೆ. ಮೂರೂ ನಡೆಯುವುದು ನಿದ್ದೆಯಲ್ಲಿ. ನಿದ್ದೆಯಲ್ಲಿರುವ ಮಗುವಿಗೆ ಇಚ್ಛಾಶಕ್ತಿಯಿಂದ ಮಾಡಬಹುದಾದದ್ದು ಏನೂ ಇಲ್ಲ.

ಎಡಿಎಚ್‌ಡಿಯಲ್ಲಿಯೂ ಮುಖ್ಯವಾಗಿ ಹಿಂದೆ ಬೀಳುವುದು ತಡೆಹಿಡಿಯುವ ಸಾಮರ್ಥ್ಯವೇ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಮಿದುಳಿನ ಚಿತ್ರಗಳನ್ನು ಹೋಲಿಸಿ ನೋಡಿದರು. ಮಿದುಳಿನ ಹೊರಪದರ ತನ್ನ ಗರಿಷ್ಠ ದಪ್ಪ ತಲುಪುವುದು ಇತರ ಮಕ್ಕಳಲ್ಲಿ ಸುಮಾರು 7.5 ವರ್ಷಕ್ಕೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು 10.5 ವರ್ಷಕ್ಕೆ. ಈ ಮೂರು ವರ್ಷದ ವಿಳಂಬ ಎದ್ದು ಕಂಡದ್ದು ಗಮನ ಮತ್ತು ಹಿಡಿತಕ್ಕೆ ಬೇಕಾದ ಮುಂಭಾಗದಲ್ಲಿ. ಹೀಗಾಗಿ ನರವ್ಯವಸ್ಥೆ ಬಲಿಯುವುದರಲ್ಲಿನ ವಿಳಂಬವು ಈ ಎರಡು ತೊಂದರೆಗಳಿಗೂ ಸಾಮಾನ್ಯ ನೆಲೆ ಎಂಬುದು ಮುಖ್ಯವಾದ ವಿವರಣೆ.

ಹಗಲಿಗೆ ಇನ್ನೊಂದು ಕಾರಣವೂ ಸೇರುತ್ತದೆ. ಎಡಿಎಚ್‌ಡಿ ಇರುವ ಮಗು ಆಟದಲ್ಲೋ ಚಿತ್ರ ಬರೆಯುವುದರಲ್ಲೋ ಮುಳುಗಿದ್ದಾಗ ಮೂತ್ರಕೋಶದ ಸಂದೇಶವನ್ನು ಕೊನೆಯ ಕ್ಷಣದವರೆಗೆ ಗಮನಿಸುವುದಿಲ್ಲ. ಗಮನಕ್ಕೆ ಬಂದಾಗ ಕಾಯುವ ಸಮಯ ಉಳಿದಿರುವುದಿಲ್ಲ. ಆಗ ಅದು ಕಿರುಬೆರಳು ಎತ್ತುತ್ತದೆ. ನಮಗೆ ಅದು ನೆಪವಾಗಿ ಕಾಣುತ್ತದೆ.

ಅನುವಂಶೀಯತೆಯ ಪಾತ್ರ ಎರಡರಲ್ಲೂ ದೊಡ್ಡದು. ತಂದೆ ತಾಯಿ ಇಬ್ಬರಿಗೂ ಬಾಲ್ಯದಲ್ಲಿ ಹಾಸಿಗೆ ಒದ್ದೆಯಾಗುತ್ತಿದ್ದರೆ ಮಗುವಿಗೆ ಹಾಗಾಗುವ ಸಾಧ್ಯತೆ ಸುಮಾರು ಶೇ. 77, ಒಬ್ಬರಿಗಿದ್ದರೆ ಸುಮಾರು ಶೇ. 44, ಇಬ್ಬರಿಗೂ ಇಲ್ಲದಿದ್ದರೆ ಸುಮಾರು ಶೇ. 15. ಬೈಯುತ್ತಿರುವ ಅಪ್ಪನಿಗೂ ಅದೇ ತೊಂದರೆ ಇದ್ದಿರಬಹುದು.

ತಪ್ಪಾಗಿ ಅರ್ಥೈಸಬಾರದು

ಸಂಬಂಧ ಇದೆ ಎಂದರೆ ಒಂದು ಇನ್ನೊಂದಕ್ಕೆ ಕಾರಣ ಎಂದಲ್ಲ. ಹಾಸಿಗೆ ಒದ್ದೆಯಾಗುವ ಹೆಚ್ಚಿನ ಮಕ್ಕಳಿಗೆ ಎಡಿಎಚ್‌ಡಿ ಇರುವುದಿಲ್ಲ, ಎಡಿಎಚ್‌ಡಿ ಇರುವ ಹೆಚ್ಚಿನ ಮಕ್ಕಳ ಹಾಸಿಗೆ ಒದ್ದೆಯಾಗುವುದಿಲ್ಲ. ಒಂದನ್ನು ನೋಡಿ ಇನ್ನೊಂದರ ಹಣೆಪಟ್ಟಿ ಅಂಟಿಸುವುದು ನಮ್ಮ ಕೆಲಸವಲ್ಲ. ಒಂದು ಕಂಡಾಗ ಇನ್ನೊಂದರ ಬಗ್ಗೆಯೂ ವೈದ್ಯರಲ್ಲಿ ವಿಚಾರಿಸುವಂತೆ ಪೋಷಕರಿಗೆ ಹೇಳುವುದಷ್ಟೇ ನಮ್ಮ ಮಿತಿ.

ಎರಡನ್ನೂ ಹೋಲುವ ಬೇರೆ ಕಾರಣಗಳೂ ಇವೆ. ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡು ರಾತ್ರಿ ಗೊರಕೆ ಹೊಡೆಯುವ, ನಡುವೆ ಉಸಿರು ತಡೆಯುವ ಮಗುವಿಗೆ ಸರಿಯಾದ ನಿದ್ದೆ ಆಗುವುದಿಲ್ಲ. ಅಂಥ ಮಗುವಿಗೆ ರಾತ್ರಿ ಹಾಸಿಗೆ ಒದ್ದೆಯಾಗಬಹುದು, ಹಗಲು ಗಮನ ನಿಲ್ಲದಿರಬಹುದು. ಮಲಬದ್ಧತೆಯಿದ್ದರೆ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಆರು ತಿಂಗಳಿಗೂ ಹೆಚ್ಚು ಕಾಲ ಹಾಸಿಗೆ ಒಣಗಿದ್ದು ಮತ್ತೆ ಒದ್ದೆಯಾಗತೊಡಗಿದರೆ ಮೂತ್ರದ ಸೋಂಕು, ಭಯ, ಮನೆಯಲ್ಲಿನ ಆಘಾತ ಇವುಗಳನ್ನು ಯೋಚಿಸಬೇಕು. ಅದರ ಜೊತೆಗೆ ವಿಪರೀತ ಬಾಯಾರಿಕೆ ಇದ್ದು ತೂಕ ಇಳಿಯುತ್ತಿದ್ದರೆ ಅದು ಮಕ್ಕಳ ಸಕ್ಕರೆ ಕಾಯಿಲೆಯ ಲಕ್ಷಣವಿರಬಹುದು. ಆಗ ಅದೇ ದಿನ ವೈದ್ಯರಿಗೆ ತೋರಿಸಬೇಕು.

ತರಗತಿಯಲ್ಲಿ ನಾವು ಮಾಡಬಹುದಾದದ್ದು

1. ಒಂದಕ್ಕೆ ಎಂದ ಮಗುವನ್ನು ಕಳುಹಿಸಬೇಕು. ನೆಪ ಹೇಳಿ ಹೋದ ಮಗು ಐದು ನಿಮಿಷದ ಪಾಠ ಕಳೆದುಕೊಳ್ಳುತ್ತದೆ. ನಿಜವಾಗಿ ಬೇಕಿದ್ದೂ ಹೋಗಲಾಗದ ಮಗು ಕಳೆದುಕೊಳ್ಳುವುದು ಅದಕ್ಕಿಂತ ಬಹಳ ಹೆಚ್ಚು.

2. ತೊಂದರೆ ಇರುವ ಮಗುವಿಗೆ ಎರಡು ಮೂರು ಗಂಟೆಗೊಮ್ಮೆ ಹೋಗಿಬರುವ ಅಭ್ಯಾಸ ಮಾಡಿಸಬೇಕು. ಗಮನ ಕೊರತೆಯಿರುವ ಮಗು ತಾನಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಹಲಗೆ ಒರೆಸಲು ಅಥವಾ ಸೀಮೆಸುಣ್ಣ ತರಲು ಕಳುಹಿಸುವ ನೆಪದಲ್ಲಿ, ಬೇರೆಯವರಿಗೆ ಗೊತ್ತಾಗದಂತೆ ಸನ್ನೆ ಮಾಡಬಹುದು.

3. ನೀರು ಕುಡಿಯುವುದನ್ನು ನಿಲ್ಲಿಸಬಾರದು. ಶೌಚಾಲಯ ಗಲೀಜಾಗಿದೆ ಎಂದು ಎಷ್ಟೋ ಮಕ್ಕಳು ಶಾಲೆಯಲ್ಲಿ ನೀರನ್ನೇ ಕುಡಿಯದೆ ಸಂಜೆ ಮನೆಗೆ ಹೋಗಿ ಒಟ್ಟಿಗೆ ಕುಡಿಯುತ್ತಾರೆ. ಇದರಿಂದ ಮಲಬದ್ಧತೆಯೂ ರಾತ್ರಿಯ ತೊಂದರೆಯೂ ಹೆಚ್ಚುತ್ತವೆ. ದಿನದ ಹೆಚ್ಚಿನ ನೀರು ಹಗಲಿನಲ್ಲೇ ಹೋಗಬೇಕು.

4. ಅವಮಾನ ಮಾಡಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಒದ್ದೆ ಬಟ್ಟೆಯ ಮಗುವನ್ನು ನಿಲ್ಲಿಸಿ ತೋರಿಸುವುದು ಎರಡನೆಯದಕ್ಕೆ ಸೇರುತ್ತದೆ. ಆಫೀಸಿನ ಕಪಾಟಿನಲ್ಲಿ ಎರಡು ಜೊತೆ ಬಟ್ಟೆ ಇಟ್ಟುಕೊಂಡರೆ ಅನುಕೂಲ.

5. ವಸತಿ ಶಾಲೆ ಮತ್ತು ಪ್ರವಾಸದ ಬಗ್ಗೆ ಯೋಚಿಸಬೇಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಮಕ್ಕಳು 6ನೇ ತರಗತಿಗೆ ಸೇರುತ್ತಾರೆ. ಆ ವಯಸ್ಸಿನಲ್ಲೂ ಈ ತೊಂದರೆ ಇರುವ ಮಕ್ಕಳಿರುತ್ತಾರೆ ಎಂಬುದು ವಾರ್ಡನ್‌ಗೆ ಗೊತ್ತಿರಬೇಕು. ರಾತ್ರಿ ತಂಗುವ ಪ್ರವಾಸಕ್ಕೆ 'ದುಡ್ಡಿಲ್ಲ', 'ಇಷ್ಟವಿಲ್ಲ' ಎಂದು ತಪ್ಪಿಸಿಕೊಳ್ಳುವ ಮಗುವಿನ ಕಾರಣ ಬೇರೆಯೇ ಇರಬಹುದು.

6. ದಾಖಲಿಸಿ, ದಾರಿ ತೋರಿಸಬೇಕು. 'ಶಿಸ್ತಿಲ್ಲ' ಎಂದು ಬರೆಯುವ ಬದಲು ಏನಾಯಿತು, ಯಾವ ಅವಧಿಯಲ್ಲಿ, ಎಷ್ಟು ಬಾರಿ ಎಂದು ಬರೆದರೆ ವೈದ್ಯರಿಗೆ ಉಪಯೋಗವಾಗುತ್ತದೆ. ಎಡಿಎಚ್‌ಡಿ ಗುರುತಿಸಲು ಶಾಲೆಯ ಮಾಹಿತಿ ಬೇಕೇ ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ತಂಡಗಳು ಶಾಲೆಗೆ ಬರುತ್ತವೆ. ಅದರ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ.

ಚಿಕಿತ್ಸೆ ಇದೆ ಎಂಬುದನ್ನು ಪೋಷಕರಿಗೆ ತಿಳಿಸುವುದೂ ಮುಖ್ಯ. ಹನಿ ಬಿದ್ದ ಕೂಡಲೇ ಸದ್ದು ಮಾಡಿ ಎಬ್ಬಿಸುವ ಅಲಾರಂ ಇದೆ, ರಾತ್ರಿಯ ಮೂತ್ರ ಕಡಿಮೆ ಮಾಡುವ ಡೆಸ್ಮೊಪ್ರೆಸಿನ್ ಔಷಧಿ ಇದೆ. ಅಲಾರಂ ಫಲ ಕೊಡಲು ಎರಡು ಮೂರು ತಿಂಗಳು ಬಿಡದೆ ಪಾಲಿಸಬೇಕು. ಎಡಿಎಚ್‌ಡಿ ಇರುವ ಮಗುವಿಗೆ ಇದು ಕಷ್ಟ. ಆದ್ದರಿಂದಲೇ ಎರಡನ್ನೂ ಒಟ್ಟಿಗೆ ನೋಡುವ ವೈದ್ಯರು ಬೇಕು. ಬರೆ ಹಾಕುವೆನೆಂದು ಹೆದರಿಸುವುದು, ತಮ್ಮ ತಂಗಿಯರ ಮುಂದೆ ಹಂಗಿಸುವುದು ಚಿಕಿತ್ಸೆಯಲ್ಲ.

ಕೊನೆಯದಾಗಿ

ಆ ಹುಡುಗನಿಗೆ ಎಡಿಎಚ್‌ಡಿ ಇದೆಯೇ ಎಂದು ಹೇಳುವ ಅರ್ಹತೆ ನನಗಿಲ್ಲ. ಇಬ್ಬರೂ ಕೂತು ಬರೆದ ಒಂದು ಪುಟದ ಟಿಪ್ಪಣಿಯೊಂದಿಗೆ ಅವನ ತಾಯಿ ಅವನನ್ನು ಮಕ್ಕಳ ವೈದ್ಯರ ಬಳಿ ಕರೆದುಕೊಂಡು ಹೋದರು. ಉಳಿದ ಪಾಠಗಳಲ್ಲಿ ಅವನು ಕೇಳಿದಾಗಲೆಲ್ಲ ಕಳುಹಿಸಿದೆ. ಒಂದು ಅವಧಿಯಲ್ಲಿ ಹೆಚ್ಚೆಂದರೆ ಎರಡು ಸಲ ಹೋದ, ಬೇಗ ಬಂದ. ತರಗತಿ ನಿರ್ವಹಣೆಗೆ ಏನೂ ಧಕ್ಕೆಯಾಗಲಿಲ್ಲ.

ಆ ದಿನದ ವೀಕ್ಷಣಾ ಪತ್ರದಲ್ಲಿ ಉಪನ್ಯಾಸಕರು ತರಗತಿ ನಿರ್ವಹಣೆಯ ಎದುರು 'ಉತ್ತಮ' ಎಂದು ಬರೆದಿದ್ದರು. ಹಿಂದಿನ ಬೆಂಚಿನಿಂದ ಮೂರನೇ ಸಾಲು ಅವರಿಗೆ ಕಂಡಿರಲಿಲ್ಲ. ಮುಂದೆ ನಿಂತಿದ್ದ ನನಗೆ ಕಂಡಿತ್ತು. ಪಾಠ ಯೋಜನೆಯಲ್ಲಿ ಮಕ್ಕಳ ಪೂರ್ವಜ್ಞಾನ ಬರೆಯಲು ಒಂದು ಜಾಗವಿದೆ. ಶಿಕ್ಷಕರಿಗೂ ಮಗುವಿನ ಬಗ್ಗೆ ಒಂದಿಷ್ಟು ಪೂರ್ವಜ್ಞಾನ ಬೇಕು ಎಂಬುದನ್ನು ನಾನು ಕಲಿತದ್ದು ಆ ಪಾಠದಲ್ಲಿ.