ಪರದೆಯ ನೆರಳೂ ಪಾಠಶಾಲೆಯ ವಿಜ್ಞಾನವೂ

ಕಲೆಯು ಮನೋರಂಜನೆಗೆ, ವಿಜ್ಞಾನವು ಪರೀಕ್ಷೆಗೆ ಎಂಬ ಭಾವನೆಯು ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿರುವುದು. ಬೆಳಕು, ಧ್ವನಿ, ಇಂದ್ರಿಯಾನುಭವ, ಜೀವವಿಜ್ಞಾನ ಇವುಗಳನ್ನು ಒಂದುಗೂಡಿಸಿ ಕಲಾವಿದರೂ ವಿಜ್ಞಾನಿಗಳೂ ನಡೆಯಿಸುತ್ತಿರುವ ಪ್ರಯೋಗಗಳ ಮಾತು ಬಂದಾಗ, “ಇದು ರಾಜಧಾನಿಯವರ ವಿನೋದ, ಪಾಂಡವಪುರಕ್ಕೂ ಇದಕ್ಕೂ ಏನು ಸಂಬಂಧ ಸ್ವಾಮಿ?” ಎಂದು ನಮ್ಮ ಹಿರಿಯ ಮಿತ್ರರೊಬ್ಬರು ಕೇಳಿದರು. ಸಂಬಂಧವುಂಟು, ಅದು ನಾವು ಎಣಿಸಿರುವುದಕ್ಕಿಂತಲೂ ಹತ್ತಿರದ್ದು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ರಾಜಧಾನಿಯ ವಿಷಯ. ೨೦೦೮ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಆರಂಭವಾದ ‘ಸೈನ್ಸ್ ಗ್ಯಾಲರಿ’ ಎಂಬ ಸಂಸ್ಥೆಯ ಮಾದರಿಯಲ್ಲಿ, ಕರ್ನಾಟಕ ಸರ್ಕಾರದ ಬೆಂಬಲದೊಡನೆ ಬೆಂಗಳೂರಿನಲ್ಲಿಯೂ ಒಂದು ಸಂಸ್ಥೆ ಏರ್ಪಟ್ಟು, ೨೦೨೪ರ ಜನವರಿಯಲ್ಲಿ ತನ್ನ ಸ್ವಂತ ಕಟ್ಟಡವನ್ನು ಜನರಿಗೆ ತೆರೆಯಿತು. ಸಸ್ಯಜೀವನ, ಸಾಂಕ್ರಾಮಿಕ ರೋಗ, ಮನಸ್ಸು, ಇಂಗಾಲ ಮುಂತಾದುವನ್ನು ವಿಷಯವಾಗಿಟ್ಟುಕೊಂಡು ಅದು ಪ್ರದರ್ಶನಗಳನ್ನು ನಡೆಯಿಸಿದೆ. ಇದಕ್ಕೂ ಮೊದಲೇ, ೨೦೦೯ರಲ್ಲಿ, ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಅಮೆರಿಕದ ಐಜೆಮ್ ಎಂಬ ಅಂತರರಾಷ್ಟ್ರೀಯ ಜೀವತಂತ್ರ ಸ್ಪರ್ಧೆಗೆ ಹೋದರು. ಮೊದಲ ಮಳೆ ಬಿದ್ದಾಗ ನೆಲದಿಂದೇಳುವ ಸುವಾಸನೆಗೆ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಮಾಡುವ ‘ಜಿಯೋಸ್ಮಿನ್’ ಎಂಬ ವಸ್ತುವೇ ಮುಖ್ಯ ಕಾರಣ. ಆ ವಾಸನೆಯನ್ನು ಬೇರೊಂದು ಸೂಕ್ಷ್ಮಜೀವಿಯಿಂದ ಹೊರಡಿಸುವ ಪ್ರಯತ್ನವನ್ನು ಕೈಗೊಂಡವರು ಚಿತ್ರಕಲೆ, ವಿನ್ಯಾಸಗಳನ್ನು ಓದುತ್ತಿದ್ದ ಹುಡುಗರು! ಒಕ್ಕಲುತನದ ನಮ್ಮ ಸೀಮೆಯಲ್ಲಿ ಆ ವಾಸನೆಯನ್ನರಿಯದವರು ಯಾರು? ಅದರ ಕಾರಣವನ್ನು ಕೇಳಿದವರು ಎಷ್ಟು ಮಂದಿ?

ಇನ್ನು ನಮ್ಮ ಸೀಮೆಗೆ ಬರೋಣ. ತೊಗಲುಗೊಂಬೆಯಾಟವು ಮಂಡ್ಯ ಪ್ರಾಂತಕ್ಕೆ ಹೊಸದಲ್ಲ. ಆಡಿನ ಚರ್ಮವನ್ನು ಹದಮಾಡಿ, ಕೂದಲು ತೆಗೆದು, ಬೆಳಕು ತೂರುವಷ್ಟು ತೆಳುವಾಗಿ ಹೆರೆದು, ಬಣ್ಣ ಕಟ್ಟಿ, ಒಡವೆಗಳ ಜಾಗದಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಮಾಡುವ ಗೊಂಬೆಯಿದು. ಬೆಳಕು ಬಣ್ಣದ ತೊಗಲಿನ ಮೂಲಕವೇ ಹಾಯುವುದರಿಂದ ನೆರಳು ಕಪ್ಪಾಗಿರದೆ ವರ್ಣಮಯವಾಗಿರುವುದು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಸ್ಫುಟವಾಗುವುದು. ದೀಪದ ಕಡೆಗೆ ಸರಿಸಿದರೆ ಆಕೃತಿಯು ಹಿರಿದಾಗುತ್ತ, ಕುಡಿಗೆ ಅಗಲವಿರುವ ಕಾರಣ ಅರೆನೆರಳು ಹಬ್ಬಿ ಅಂಚು ಮಸುಳುವುದು. ರಾಕ್ಷಸನು ಬೆಳೆದು ನಿಲ್ಲುವ ಗುಟ್ಟು ಇದೇ. ಹರಳೆಣ್ಣೆಯ ದೀಪದ ಕುಡಿ ಅಲುಗಿದಂತೆ ಗೊಂಬೆಯೂ ಉಸಿರಾಡುವಂತೆ ತೋರುವುದು.

ಬಾಲ್ಯದಲ್ಲಿ ಇಂತಹ ಆಟವೊಂದನ್ನು ನೋಡುತ್ತಿದ್ದ ನಾವು, ಕಿಳ್ಳೇಕ್ಯಾತನ ಬಾಯಿಂದಲೇ ಮಾತು ಹೊರಡುತ್ತಿದೆಯೆಂದು ದೃಢವಾಗಿ ನಂಬಿದ್ದೆವು. ಮೆಲ್ಲನೆ ಎದ್ದು ಪರದೆಯ ಹಿಂದಕ್ಕೆ ಹೋಗಿ ನೋಡಿದರೆ ಮಾತಾಡುತ್ತಿದ್ದವರು ಬೆವರಿನಿಂದ ತೊಯ್ದ ಒಬ್ಬ ಮುದುಕರು. ಮರಳಿ ಮುಂದೆ ಬಂದು ಕುಳಿತರೆ ಮಾತು ಮತ್ತೆ ಗೊಂಬೆಯ ಬಾಯಿಗೇ ಸೇರಿತು! ನಿಜವನ್ನು ತಿಳಿದ ಮೇಲೆಯೂ ಕಿವಿಯು ಕಣ್ಣಿಗೆ ಸೋತಿತು. ಕಣ್ಣಿಗೆ ಚಲನೆ ಕಂಡೆಡೆಯಿಂದಲೇ ಧ್ವನಿಯೂ ಬಂದಿತೆಂದು ಮನಸ್ಸು ನಿರ್ಣಯಿಸುವುದೆಂಬುದು ಈಗ ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ಕಂಡ ವಿಷಯ. ನಮ್ಮ ಉಪಾಧ್ಯಾಯರಲ್ಲಿ ಯಾರೂ ಅದನ್ನು ಪಾಠಕ್ಕೆ ತರಲಿಲ್ಲ.

ಆಟದ ಹಿಮ್ಮೇಳದ ಮೃದಂಗವನ್ನೂ ಮರೆಯಬಾರದು. ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದದೆ ಬರಿಯ ಸದ್ದಾಗುವುವು. ಮೃದಂಗದ ನಡುವೆ ಹಚ್ಚುವ ಕಪ್ಪು ಕರಣೆಯ ಭಾರವು ಅವುಗಳನ್ನು ಪೂರ್ಣಸಂಖ್ಯೆಗಳ ಪ್ರಮಾಣಕ್ಕೆ ತಂದು ಶ್ರುತಿಗೂಡಿಸುವುದೆಂಬುದನ್ನು ಸರ್ ಸಿ. ವಿ. ರಾಮನ್ ಅವರು ೧೯೨೦ರಲ್ಲಿಯೇ ಎಸ್. ಕುಮಾರ್ ಅವರೊಡನೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಮಹನೀಯರು ೧೯೩೦ರಲ್ಲಿ ನೊಬೆಲ್ ಬಹುಮಾನವನ್ನು ಪಡೆದು, ೧೯೪೮ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಶೋಧನಾಲಯವನ್ನು ಸ್ಥಾಪಿಸಿ, ಮುಪ್ಪಿನಲ್ಲಿ ಹೂವುಗಳ ಬಣ್ಣವನ್ನೂ ಅದನ್ನು ಕಾಣುವ ಕಣ್ಣಿನ ಕ್ರಿಯೆಯನ್ನೂ ಪರಿಶೀಲಿಸುತ್ತ ಕುಳಿತರು. ಗಾನವೂ ಗುಲಾಬಿಯೂ ಅವರಿಗೆ ವಿಜ್ಞಾನದ ಹೊರಗಿನ ವಸ್ತುಗಳಾಗಿರಲಿಲ್ಲ.

ಕನ್ನಂಬಾಡಿಯ ಬೃಂದಾವನವಂತೂ ನಮ್ಮ ನೆರೆಯದ್ದೇ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ೧೯೨೭ರಿಂದ ೧೯೩೨ರವರೆಗೆ ರೂಪುಗೊಂಡ ಆ ತೋಟದಲ್ಲಿ ಗಿಡಮರ, ನೀರು, ದೀಪಗಳು ಒಂದಾಗಿವೆ. ಸಂಗೀತಕ್ಕೆ ಕುಣಿಯುವ ಕಾರಂಜಿಯು ಈಚಿನದು. ೧೮೪೧ರಲ್ಲಿ ಜಿನೀವಾದ ಕೊಲಾಡನ್ ಎಂಬ ವಿಜ್ಞಾನಿಯು ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕೂ ಬಾಗಿ ಹರಿಯುವುದನ್ನು ಸಭೆಗೆ ತೋರಿಸಿದನು. ಅದೇ ತತ್ತ್ವದಿಂದ ಇಂದು ಗಾಜಿನೆಳೆಯಲ್ಲಿ ಬೆಳಕು ಹರಿದು ದೇಶದೇಶಗಳ ವಾರ್ತೆಯನ್ನು ತರುತ್ತಿರುವುದು. ನಮ್ಮ ಬಾಲಕರು ಕಾರಂಜಿಯ ಮುಂದೆ ನಿಂತು ಭಾವಚಿತ್ರ ತೆಗೆಯಿಸಿಕೊಂಡು ಬರುವರು. ಆ ನೀರು ಏಕೆ ಹೊಳೆಯಿತೆಂದು ಕೇಳುವುದಿಲ್ಲ, ನಾವೂ ಕೇಳಿಸುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗೊಂಬೆಯಾಡಿಸಿದ ಪೂರ್ವಿಕರಿಗೆ ಇಂದಿನ ಭೌತಶಾಸ್ತ್ರವೆಲ್ಲ ತಿಳಿದಿತ್ತೆಂದು ನಾವು ಹೇಳುವುದಿಲ್ಲ. ಅಂತಹ ಹೊಗಳಿಕೆಯಿಂದ ಅವರ ಗೌರವವು ಹೆಚ್ಚಲಾರದು. ಅವರಿಗಿದ್ದುದು ಕೈಯ ಅನುಭವ, ಕಣ್ಣಿನ ಎಚ್ಚರ, ತಪ್ಪಿದರೆ ಮತ್ತೆ ಮಾಡಿ ನೋಡುವ ತಾಳ್ಮೆ. ಪ್ರಯೋಗಬುದ್ಧಿಯ ಮೂಲವೇ ಅದು. ಅದನ್ನು ತಿರಸ್ಕರಿಸಿ, ಛಾಯೆಯ ಲಕ್ಷಣವನ್ನು ಬಾಯಿಪಾಠ ಮಾಡಿಸುವ ನಾವು ಯಾವ ವಿಜ್ಞಾನವನ್ನು ಕಲಿಸಿದಂತಾಯಿತು?

ಕಾಲವೂ ಕಾದಿರುವುದಿಲ್ಲ. ೨೦೨೫ರಲ್ಲಿ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ, ತೊಂಬತ್ತನ್ನು ದಾಟಿದ ಗೊಂಬೆಯಾಟದ ಹಿರಿಯರಿಗೆ ಪದ್ಮಶ್ರೀ ದೊರೆಯಿತು. ನಮಗೆಲ್ಲ ಸಂತೋಷ. ಆದರೆ ಸನ್ಮಾನವು ಅಜ್ಜಿಗೆ ಸಂದು, ವಿದ್ಯೆಯು ಮೊಮ್ಮಕ್ಕಳಿಗೆ ಸಲ್ಲದೆಹೋದರೆ ಆ ಸಂತೋಷವು ಎಷ್ಟು ದಿನ?

ನಮ್ಮ ಸೂಚನೆ ಅಲ್ಪವೆಚ್ಚದ್ದು. ತಾಲ್ಲೂಕಿನ ಪ್ರತಿಯೊಂದು ಪ್ರೌಢಶಾಲೆಯೂ ವರ್ಷಕ್ಕೆ ಒಂದು ರಾತ್ರಿ ಗೊಂಬೆಯಾಟದವರನ್ನು ತಕ್ಕ ಸಂಭಾವನೆಯೊಡನೆ ಬರಮಾಡಿಕೊಳ್ಳಲಿ. ಮರುದಿನ ಅದೇ ಪರದೆ, ಅದೇ ದೀಪ, ಅದೇ ಮೃದಂಗಗಳನ್ನು ಮುಂದಿಟ್ಟುಕೊಂಡು ವಿಜ್ಞಾನದ ಉಪಾಧ್ಯಾಯರು ಪಾಠ ಹೇಳಲಿ. ಆಟದವರೂ ಅವರ ಪಕ್ಕದಲ್ಲಿ ಗುರುಗಳಾಗಿ ಕುಳಿತಿರಲಿ. ಮಕ್ಕಳು ಗೊಂಬೆಯನ್ನು ತಾವೇ ಹಿಡಿದು, ಅಳೆದು, ನೆರಳನ್ನು ಬರೆದುಕೊಳ್ಳಲಿ. ಬೆಂಗಳೂರಿನ ಪ್ರದರ್ಶನಶಾಲೆಗೆ ಹೋಗಿಬರುವ ಬಸ್ಸಿನ ಖರ್ಚನ್ನು ಪುರಸಭೆಯೂ ವರ್ತಕರೂ ಹಂಚಿಕೊಂಡರೆ ಇನ್ನೂ ಒಳ್ಳೆಯದು. ಆದರೆ ಬಸ್ಸು ಬರುವವರೆಗೆ ಕಾಯಬೇಕಾಗಿಲ್ಲ. ಬೇಕಾದುದು ಒಂದು ಬಿಳಿಯ ಪಂಚೆ, ಒಂದು ಹಣತೆ, ಪರದೆಯ ಹಿಂದಕ್ಕೆ ಹೋಗಿ ನೋಡಲು ಮಕ್ಕಳಿಗೆ ಹಿರಿಯರ ಅಪ್ಪಣೆ. ಶಿಕ್ಷಣಾಧಿಕಾರಿಗಳು ಈ ವಿಷಯದಲ್ಲಿ ಮನಸ್ಸು ಮಾಡುವರೆಂದು ನಂಬಿದ್ದೇವೆ.